ಹಂದಿಕೂದಲಿನ ಪರ ಒಂದು ತಕರಾರು

ಕಾಫಿ ಕುಯ್ಲು ಮುಗಿದು, ಜನ ಹೂಮಳೆಗಾಗಿ ಆಕಾಶ ನೋಡುತ್ತಿದ್ದ ದಿನಗಳು. ಹೆತ್ತೂರು ಕಡೆಯ ನೆಂಟರ ಮನೆಯಲ್ಲಿ ಬೀಗರೂಟ. ಶಾಮಿಯಾನದ ಕೆಳಗೆ ಕಡುಬು, ಹಂದಿ ಸಾರು. ಬೆಂಗಳೂರಿನಿಂದ ಬಂದಿದ್ದ ನಮ್ಮ ಹುಡುಗರು ನಾಲ್ಕು ಜನ ಒಂದೇ ಸಾಲಿನಲ್ಲಿ ಕೂತು, ಬಡಿಸುವವನನ್ನು ಮುಂದೆ ಹೋಗಗೊಡದೆ, ಚರ್ಬಿ ಇರುವ ತುಂಡೇ ಬೇಕು ಎಂದು ಆರಿಸಿ ಹಾಕಿಸಿಕೊಂಡರು. ಮಾರನೇ ದಿನ ಬೆಳಿಗ್ಗೆ ಅದೇ ಮನೆಯ ಬಚ್ಚಲ ಮುಂದಿನ ಕಟ್ಟೆಯ ಮೇಲೆ ನಾನು ಗಡ್ಡಕ್ಕೆ ಕೂತಿದ್ದೆ. ಆ ನಾಲ್ವರಲ್ಲಿ ಒಬ್ಬ, ನನ್ನ ಅಕ್ಕನ ಮಗ, ಬ್ರಷ್ಷನ್ನು ಎತ್ತಿ ಮೂಸಿ ನೋಡಿ, ಕೈ ಉದ್ದ ಮಾಡಿ ದೂರ ಹಿಡಿದ.

"ಮಾವ, ಇದು ಹಂದಿ ಕೂದ್ಲಲ್ವಾ? ಇದನ್ನ ಮುಖಕ್ಕೆ ಹಾಕ್ಕೊತೀರಾ?"

"ನಿನ್ನೆ ನೀನು ಬಾಯಿಗೆ ಹಾಕ್ಕೊಂಡ್ಯಲ್ಲ, ಅದೇನು ಹಲಸಿನಕಾಯಾ?"

ಅವನು ನಕ್ಕ, ಬ್ರಷ್ಷನ್ನು ಇಟ್ಟು ಹೋದ. ಅಭಿಪ್ರಾಯವನ್ನೇನೂ ಬದಲಾಯಿಸಲಿಲ್ಲ. ಬದಲಾಯಿಸುವ ಅಗತ್ಯವೂ ಅವನಿಗಿಲ್ಲ, ಊರೆಲ್ಲ ಅವನ ಕಡೆಗಿದೆ. ಸಕಲೇಶಪುರದ ಫ್ಯಾನ್ಸಿ ಸ್ಟೋರಿನಲ್ಲಿ ಕೇಳಿ, ಆಲೂರಿನ ಸೆಲೂನಿನಲ್ಲಿ ಕೇಳಿ, ಎಲ್ಲರದೂ ಒಂದೇ ಪಾಠ: ಹಂದಿಕೂದಲಿನ ಬ್ರಷ್ ಅಂದರೆ ಒರಟು, ನಾತ, ಉದುರುವ ಅಗ್ಗದ ಮಾಲು. ಕೈಯಲ್ಲಿ ಕಾಸಿದ್ದವನು ಬ್ಯಾಜರ್ ಕೂದಲಿನದು ತರಿಸಿಕೊಳ್ಳುತ್ತಾನೆ, ಬುದ್ಧಿ ಇದ್ದವನು ಡಬ್ಬಿ ಒತ್ತಿ ನೊರೆ ಬಳಿದುಕೊಳ್ಳುತ್ತಾನೆ, ಎರಡೂ ಇಲ್ಲದವನು ನನ್ನ ಹಾಗೆ.

ಈ ಪಾಠದಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಅಂಗಡಿಯಿಂದ ತಂದ ದಿನ ಅದು ಒರಟೇ, ಕೆನ್ನೆಗೆ ಕಡ್ಡಿಪೊರಕೆ ತಾಗಿಸಿದ ಹಾಗೆ. ಬಿಸಿನೀರಿಗೆ ಅದ್ದಿದ ಕೂಡಲೇ ದೊಡ್ಡಿಯ ನೆನಪು ಬರುತ್ತದೆ. ಐದಾರು ಕೂದಲು ಕಿತ್ತು ಬಂದು ನೊರೆಯ ಜತೆ ಗಲ್ಲಕ್ಕೆ ಅಂಟುತ್ತವೆ. ಇವೆಲ್ಲಕ್ಕಿಂತ ದೊಡ್ಡ ದೂರು ಇನ್ನೊಂದಿದೆ, ಬೈಯುವವರು ಅದನ್ನು ಮಾತ್ರ ಸರಿಯಾಗಿ ಹೇಳುವುದಿಲ್ಲ: ಹೊಸ ಬ್ರಷ್ ನೊರೆ ತಿನ್ನುತ್ತದೆ. ಸೋಪಿನ ಮೇಲೆ ಒಂದು ನಿಮಿಷ ತಿರುಗಿಸಿ, ಮುಖಕ್ಕೆ ಹಚ್ಚಿ, ಒಂದು ಸುತ್ತು ಹೆರೆದು ಮತ್ತೆ ಬ್ರಷ್ ಎತ್ತಿದರೆ ಒಳಗೆ ಏನೂ ಉಳಿದಿರುವುದಿಲ್ಲ. ಹಂದಿಕೂದಲು ನೀರು ಕುಡಿಯುವ ಜಾತಿ. ಹೊಸದರಲ್ಲಿ ಅದು ಕುಡಿದದ್ದನ್ನು ಬಿಟ್ಟುಕೊಡುವುದು ಕಲಿತಿರುವುದಿಲ್ಲ.

ಆದರೆ ಇದೆಲ್ಲ ಮೊದಲ ವಾರದ ಸತ್ಯ. ನನ್ನ ತಕರಾರು ಇರುವುದು ಮೊದಲ ವಾರದಲ್ಲಿ ಬರೆದ ತೀರ್ಪನ್ನು ಜೀವನಪೂರ್ತಿ ಓದುತ್ತಾ ಕೂರುವವರ ಮೇಲೆ. ಹೊಸ ಕಬ್ಬಿಣದ ಹೆಂಚಿನಲ್ಲಿ ಮೊದಲ ಅಕ್ಕಿರೊಟ್ಟಿ ಕಿತ್ತು ಬಂತೆಂದು ಹೆಂಚನ್ನೇ ಎಸೆಯುವ ಹೆಂಗಸು ನಮ್ಮ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಅರ್ಧ ಈರುಳ್ಳಿ ಎಣ್ಣೆಗೆ ಅದ್ದಿ ತಿಕ್ಕುತ್ತಾಳೆ, ನಾಲ್ಕು ದಿನ ಹಾಳು ರೊಟ್ಟಿ ನಾಯಿಗೆ ಹಾಕುತ್ತಾಳೆ, ಐದನೇ ದಿನ ರೊಟ್ಟಿ ತಾನಾಗಿ ಏಳುತ್ತದೆ. ಹೆಂಚು ಪಳಗಬೇಕು ಅನ್ನುವುದು ಅವಳಿಗೆ ಗೊತ್ತು. ಅದೇ ಮನೆಯ ಗಂಡಸಿಗೆ ಬ್ರಷ್ ಪಳಗಬೇಕು ಅನ್ನುವುದು ಗೊತ್ತಿಲ್ಲ. ಬೆಳಿಗ್ಗೆ ತಂದು, ಸಂಜೆ ಬೈದು, ಮೂರನೇ ದಿನ ಸೈಕಲ್ ಚೈನು ಉಜ್ಜಲು ಕೊಟ್ಟುಬಿಡುತ್ತಾನೆ.

ಪಳಗುವುದು ಅಂದರೆ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಯಿಕೊರಕ ಹೊಕ್ಕ ಕಾಫಿಹಣ್ಣಿನ ತೂತು ನೋಡಲು ನನ್ನ ಹತ್ತಿರ ಒಂದು ಪುಟ್ಟ ಭೂತಗನ್ನಡಿ ಇದೆ. ಹೊಸ ಬ್ರಷ್ಷಿನ ತುದಿಯನ್ನು ಅದರ ಕೆಳಗೆ ಹಿಡಿದರೆ ಕೂದಲು ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಬಹುಪಾಲು ಒಂಟಿ ತುದಿ, ಮುಳ್ಳಿನ ಹಾಗೆ. ಅದನ್ನೇ ನಲವತ್ತು ಸಲ ಗಡ್ಡಕ್ಕೆ ಬಳಸಿದ ಮೇಲೆ ಹಿಡಿದೆ. ಒಂದೊಂದು ತುದಿಯೂ ಎರಡಾಗಿ, ಮೂರಾಗಿ ಸೀಳಿತ್ತು. ಮುಳ್ಳಿದ್ದ ಜಾಗದಲ್ಲಿ ಗರಿಕೆಯ ತೆನೆ. ಬುಡ ಮಾತ್ರ ಮೊದಲಿನಷ್ಟೇ ಗಟ್ಟಿ. ಕೆನ್ನೆಗೆ ಸಿಗುವುದು ಆ ಸೀಳಿದ ತುದಿ, ಗಟ್ಟಿ ಸೋಪನ್ನು ಕೆರೆದು ಎಬ್ಬಿಸುವುದು ಆ ಬುಡ. ಮೆತ್ತಗೂ ಇರಬೇಕು, ಬೆನ್ನುಮೂಳೆಯೂ ಇರಬೇಕು ಅನ್ನುವವನಿಗೆ ಇದಕ್ಕಿಂತ ಒಳ್ಳೆಯ ಕೂದಲನ್ನು ದೇವರು ಇನ್ನೂ ಮಾಡಿಲ್ಲ. ಎಣ್ಣೆಚಿತ್ರ ಬರೆಯುವವರು, ಗೋಡೆಗೆ ಬಣ್ಣ ಬಳಿಯುವವರು ಬಹುಕಾಲದಿಂದ ಹಂದಿಕೂದಲನ್ನೇ ಕೇಳಿದ್ದು ಇದೇ ಗುಣಕ್ಕೆ. ಸೀಳಿದ ತುದಿ ಬಣ್ಣವನ್ನು ಹಿಡಿದಿಟ್ಟುಕೊಂಡು ಒಂದೇ ಸಮ ಬಿಡುತ್ತದೆ. ನೊರೆಯೂ ಅಷ್ಟೆ.

ಕೆಂಚಮ್ಮನ ಹೊಸಕೋಟೆ ಹೋಬಳಿಯ ನನ್ನ ಮನೆಯಲ್ಲಿ ಇದಕ್ಕೆ ದೊಡ್ಡ ಶಾಸ್ತ್ರವೇನೂ ಇಲ್ಲ. ತಂದ ದಿನ ತಲೆಗೆ ಹಾಕುವ ಶಾಂಪೂವಿನಲ್ಲೇ ಎರಡು ಸಲ ತೊಳೆಯುತ್ತೇನೆ. ಆಮೇಲೆ ಅಂಗೈ ಮೇಲೆ ಸೋಪಿನ ನೊರೆ ಎಬ್ಬಿಸಿ, ಆ ನೊರೆಯ ಸಮೇತ ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ತೊಳೆದು ಒಣಗಿಸುತ್ತೇನೆ. ನಾತ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಮುಂದೆ ದಿನವೂ ಒಂದೇ ಕೆಲಸ. ಬಚ್ಚಲೊಲೆಯ ಹಂಡೆಯಿಂದ ಒಂದು ಲೋಟ ನೀರು, ಬೆರಳು ತಡೆದುಕೊಳ್ಳುವಷ್ಟು ಬಿಸಿ. ಅದರಲ್ಲಿ ಬ್ರಷ್ಷಿನ ಕೂದಲು ಮಾತ್ರ ಮುಳುಗಬೇಕು, ಹಿಡಿ ಮುಳುಗಬಾರದು. ನಾನು ಸ್ನಾನ ಮುಗಿಸಿ ಬರುವಷ್ಟು ಹೊತ್ತು ಅದು ಅಲ್ಲೇ ನೆನೆಯುತ್ತದೆ. ಐದು ನಿಮಿಷ ಧಾರಾಳ. ನೆನೆಯದ ಹಂದಿಕೂದಲನ್ನು ಮುಖಕ್ಕೆ ಹಚ್ಚಿ ಚುಚ್ಚುತ್ತದೆ ಎಂದು ದೂರುವವರನ್ನು ಕಂಡರೆ, ಅಕ್ಕಿ ನೆನೆಸದೆ ರುಬ್ಬಿ ಕಡುಬು ಗಟ್ಟಿ ಅನ್ನುವವರ ನೆನಪಾಗುತ್ತದೆ. ನೆಂದ ಮೇಲೆ ಎರಡು ಸಲ ಕೊಡವಿ, ಸೋಪಿನ ಬಿಲ್ಲೆಯ ಮೇಲೆ ಮನಸ್ಸಿನಲ್ಲೇ ಅರವತ್ತು ಎಣಿಸುವವರೆಗೆ ತಿರುಗಿಸಬೇಕು. ಮೊದಲು ಬರುವುದು ಗುಳ್ಳೆ, ಅದು ನೊರೆಯಲ್ಲ. ಬೊಗಸೆ ನೀರಿಗೆ ಸೋಪು ಕದಡಿದರೂ ಬರುತ್ತದೆ. ಗುಳ್ಳೆ ಹೋಗಿ ಮಜ್ಜಿಗೆಯಾಗಿ, ಮಜ್ಜಿಗೆ ಹೋಗಿ ಗಟ್ಟಿ ಮೊಸರಾಗಬೇಕು. ಆಮೇಲೆ ಗಡ್ಡದ ಮೇಲೆ ಸುತ್ತು ಹಾಕುತ್ತಾ, ತುದಿಗೆ ಎರಡೆರಡೇ ಹನಿ ನೀರು ಸೇರಿಸುತ್ತಾ ಹೋದರೆ ಕೆನ್ನೆಯ ಮೇಲೆ ಹೊಳಪು ಬರುತ್ತದೆ. ಹೊಳಪು ಬರುವ ತನಕ ರೇಜರ್ ಮುಟ್ಟಬಾರದು. ಇದನ್ನು ಓದಲು ಹಿಡಿದ ಹೊತ್ತೂ ಮಾಡಲು ಹಿಡಿಯುವುದಿಲ್ಲ.

ಪಳಗಿಸಲು ಅಡ್ಡದಾರಿ ಹೇಳಿಕೊಡುವವರೂ ಇದ್ದಾರೆ. ಮೂರು ದಿನ ನೀರಿನಲ್ಲಿ ಮುಳುಗಿಸಿಡಿ, ಕುದಿಯುವ ನೀರು ಹುಯ್ಯಿರಿ. ಎರಡೂ ದಂಡ. ಮುಳುಗಿಸಿಟ್ಟರೆ ಬುಡದ ಅಂಟು ಸಡಿಲಾಗುತ್ತದೆ, ಮರದ ಹಿಡಿ ಬಿರಿಯುತ್ತದೆ. ಕುದಿನೀರಿಗೆ ಕೂದಲು ಸತ್ವ ಕಳೆದುಕೊಳ್ಳುತ್ತದೆ. ಬ್ರಷ್ಷನ್ನು ಪಳಗಿಸುವುದು ನೆನೆಯುವುದೊಂದೇ ಅಲ್ಲ, ನೆನೆದು ಒಣಗಿ ಮತ್ತೆ ನೆನೆಯುವುದು. ತುದಿ ಸೀಳುವುದು ಆ ಹೋಗಿಬರುವ ದಾರಿಯಲ್ಲಿ. ಅದಕ್ಕೆ ದಿನಗಳೇ ಬೇಕು.

ಈಗ ನೀರಿನ ಮಾತು. ಬ್ರಷ್ಷನ್ನು ಬೈಯುವವರು ಒಂದು ಸಲವೂ ನೀರಿನ ಕಡೆ ನೋಡುವುದಿಲ್ಲವಲ್ಲ ಅನ್ನುವುದು ನನ್ನ ಹಳೇ ಸಿಟ್ಟು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತವೆ. ನೊರೆಯಾಗಬೇಕಾದ ಸೋಪು ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿಯಾಗಿ ಕೂರುತ್ತದೆ. ನಮ್ಮದು ಒಂದೇ ಜಿಲ್ಲೆ, ನೀರು ಮಾತ್ರ ಎರಡು. ಬಿಸಿಲೆ, ಹೆತ್ತೂರು, ಹಾನುಬಾಳು ಕಡೆ ಮಳೆ ಸುರಿದು ತೊಳೆದ ಗುಡ್ಡಗಳಿಂದ ಇಳಿಯುವ ಹಳ್ಳದ ನೀರು ಎಷ್ಟು ಮೆದು ಅಂದರೆ, ಮೈಗೆ ಹಚ್ಚಿದ ಸೋಪು ತೊಳೆದರೂ ಹೋಗದ ಹಾಗೆ ಜಾರುತ್ತದೆ. ಅದೇ ಸೋಪನ್ನು ಅರಸೀಕೆರೆ ಕಡೆಯ ಕೊಳವೆಬಾವಿ ನೀರಿನಲ್ಲಿ ತಿಕ್ಕಿ ನೋಡಿ. ನನ್ನ ಬ್ರಷ್ಷನ್ನೂ ಸೋಪನ್ನೂ ಹೊತ್ತುಕೊಂಡು ಒಂದು ಮದುವೆಗೆ ಆ ಕಡೆ ಹೋಗಿದ್ದೆ. ಮೂರು ನಿಮಿಷ ತಿರುಗಿಸಿದೆ. ಬಂದದ್ದು ಹಾಲಿನ ಪಾತ್ರೆ ತೊಳೆದ ನೀರು. ಅಲ್ಲಿಯವರು ಬ್ರಷ್ಷನ್ನು ಬೈದರೆ ಕ್ಷಮಿಸಬಹುದು. ಹೇಮಾವತಿಯ ದಡದಲ್ಲಿ ಕೂತು, ದುಡ್ಡು ಕೊಟ್ಟರೂ ಸಿಗದ ಮೆದುನೀರು ಮನೆಬಾಗಿಲಿಗೆ ಹರಿಯುತ್ತಿರುವಾಗ, ಬಟನ್ ಒತ್ತಿ ನೊರೆ ಕೊಳ್ಳುವವರಿಗೆ ಏನು ಹೇಳೋಣ?

ಡಬ್ಬಿ ನೊರೆ ಅಮೆರಿಕದಲ್ಲಿ 1949ರಲ್ಲಿ 'ರೈಸ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಉಬ್ಬು ಅನಿಲದ್ದು. ಪ್ರೊಪೇನ್, ಬ್ಯೂಟೇನ್ ಜಾತಿಯ ಒತ್ತಡದ ಅನಿಲ ಸೋಪುನೀರನ್ನು ಒಳಗಿಂದ ಉಬ್ಬಿಸಿ ಹೊರಕ್ಕೆ ತಳ್ಳುತ್ತದೆ, ನೋಡುವವರಿಗೆ ಮಂಜಿನ ಗುಡ್ಡೆ. ಆದರೆ ಗಡ್ಡ ಮೆತ್ತಗಾಗುವುದು ನೀರಿನಿಂದ. ಒಣಗಿದ ಗಡ್ಡದ ಕೂದಲು ಬ್ಲೇಡಿಗೆ ಎದುರು ನಿಲ್ಲುತ್ತದೆ, ನೀರು ಕುಡಿದು ಉಬ್ಬಿದ್ದು ಬಾಗಿ ಕೊಡುತ್ತದೆ. ಬ್ರಷ್ ಎರಡು ನಿಮಿಷ ಸುತ್ತು ಹಾಕುವಾಗ ಮಾಡುವ ಕೆಲಸವೇ ಇದು: ಬಿಸಿನೀರನ್ನು ಕೂದಲ ಬುಡಕ್ಕೆ ತಿಕ್ಕಿ ಕೂರಿಸುವುದು, ಮಲಗಿದ ಕೂದಲನ್ನು ಎಬ್ಬಿಸಿ ನಿಲ್ಲಿಸುವುದು. ಅಂಗೈಯಿಂದ ಬಳಿದ ನೊರೆ ಕೂದಲನ್ನು ಮಲಗಿಸಿಬಿಡುತ್ತದೆ. ಆಮೇಲೆ ಉರಿ, ಗುಳ್ಳೆ, ಅದಕ್ಕೊಂದು ಲೋಷನ್ನು. ಸಮಯ ಉಳಿಯುತ್ತದಂತೆ. ಆನೆ ಬಂದಿದೆ ಎಂಬ ವಾಟ್ಸಾಪ್ ಸಂದೇಶ ಓದಿ, ತೋಟಕ್ಕೆ ಹೋಗುವುದೋ ಬೇಡವೋ ಎಂದು ಬೆಳಿಗ್ಗೆ ಎಂಟರವರೆಗೆ ಜಗಲಿಯ ಮೇಲೆ ಕೂರುವವರು ನಾವು. ಉಳಿಸಿದ ಮೂರು ನಿಮಿಷವನ್ನು ಎಲ್ಲಿ ಖರ್ಚು ಮಾಡುತ್ತೇವೆ?

ಬ್ಯಾಜರ್ ಭಕ್ತರ ಕಥೆ ಬೇರೆ. ಅವರಿಗೆ ನೊರೆಗಿಂತ ಅಂತಸ್ತು ಮುಖ್ಯ. ಬ್ಯಾಜರ್ ಅನ್ನುವುದು ನಮ್ಮ ತರಕರಡಿಯ ದೂರದ ನೆಂಟ, ತಣ್ಣನೆಯ ದೇಶಗಳ ಪ್ರಾಣಿ. ಅದರ ಕೂದಲು ಮೊದಲ ದಿನದಿಂದಲೇ ಮೆತ್ತಗೆ, ಇಲ್ಲವೆನ್ನುವುದಿಲ್ಲ. ಪಳಗಿಸುವ ಕೆಲಸ ಇಲ್ಲದಿರುವುದೇ ಅದರ ಬೆಲೆ. ಆದರೆ ಹೆಚ್ಚಿನ ಬೆಲೆ ಕೊಟ್ಟದ್ದಕ್ಕೆ ಅದು ಹೆಚ್ಚಿನ ಗಡ್ಡ ಹೆರೆಯುತ್ತದೆ ಎಂದು ನಂಬುವುದು ಬಿಡಿ. ಗಟ್ಟಿ ಸೋಪಿನ ಬಿಲ್ಲೆಯ ಮೇಲೆ ಮೆತ್ತನೆಯ ಬ್ಯಾಜರ್ ಒರಗಿಕೊಳ್ಳುತ್ತದೆ, ಪಳಗಿದ ಹಂದಿಕೂದಲು ಉಳುತ್ತದೆ. ಇಟಲಿಯ ಬೊಲೋನ್ಯಾದ ಒಮೆಗಾ ಕಂಪನಿ 1931ರಿಂದ ಬ್ರಷ್ ಮಾಡುತ್ತಿದೆ. ಅಲ್ಲಿನ ಕ್ಷೌರದಂಗಡಿಗಳ ಮಾಮೂಲು ಬ್ರಷ್ ಹಂದಿಕೂದಲಿನದೇ. ಗಡ್ಡದ ವಿಷಯದಲ್ಲಿ ಇಟಲಿಯವರಿಗೆ ನಾಗರಿಕತೆ ಕಲಿಸಲು ನಮ್ಮ ಫ್ಯಾನ್ಸಿ ಸ್ಟೋರಿನವರು ಹೊರಟಿದ್ದರೆ ಅದು ಬೇರೆ ಮಾತು. ಹಂದಿಯನ್ನು ಹೇಗೂ ಮಾಂಸಕ್ಕೆ ಸಾಕುತ್ತಾರೆ, ಕೂದಲು ಅದರ ಹಿಂದೆ ಬರುವ ಮಾಲು. ಬ್ಯಾಜರನ್ನು ಕೂದಲಿಗಾಗಿಯೇ ಕೊಲ್ಲುತ್ತಾರೆ. 2018ರಲ್ಲಿ ಪೆಟಾ ಸಂಘಟನೆ ಚೀನಾದ ಬ್ಯಾಜರ್ ಗೂಡುಗಳ ವಿಡಿಯೊ ಹೊರಹಾಕಿದ ಮೇಲೆ ಕೆಲವು ಕಂಪನಿಗಳು ಆ ಕೂದಲನ್ನೇ ಬಿಟ್ಟವು.

ಬ್ಯಾಜರಿನ ಮೋಹ ಒಂದು ಕಾಲಕ್ಕೆ ಜೀವವನ್ನೂ ತೆಗೆದಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ಯಾಜರ್ ಕೂದಲಿಗೆ ಅಭಾವ ಬಂದು, ಕುದುರೆ ಕೂದಲಿಗೆ ಬಣ್ಣ ಕೊಟ್ಟು ಬ್ಯಾಜರಿನ ಹಾಗೆ ಕಾಣುವ ಅಗ್ಗದ ಬ್ರಷ್‌ಗಳನ್ನು ಮಾಡಿದರು. ಸರಿಯಾಗಿ ಶುದ್ಧ ಮಾಡದ ಆ ಕೂದಲಿನಲ್ಲಿ ಆಂಥ್ರಾಕ್ಸ್, ನಮ್ಮ ದನಗಳಿಗೆ ಬರುವ ನೆರಡಿ ರೋಗ, ಉಳಿದುಕೊಂಡಿತ್ತು. ಅಮೆರಿಕ, ಬ್ರಿಟನ್‌ಗಳ ಸೈನಿಕರೂ ಸಾಮಾನ್ಯರೂ ಸೇರಿ ಇನ್ನೂರಕ್ಕೂ ಹೆಚ್ಚು ಜನಕ್ಕೆ ಗಡ್ಡದ ಬ್ರಷ್ಷಿನಿಂದ ಅದು ತಗುಲಿತು. ಜಪಾನಿನಿಂದ ಬರುತ್ತಿದ್ದ ಶೇವಿಂಗ್ ಬ್ರಷ್‌ಗಳನ್ನು ಬ್ರಿಟನ್ 1920ರಲ್ಲಿ ನಿಷೇಧಿಸಿತು. ಪ್ರಾಣಿಯ ಕೂದಲು ಅಂದರೆ ಕೊಳಕು ಎಂಬ ಭಯಕ್ಕೆ ಈ ಕಥೆಯನ್ನು ಸಾಕ್ಷಿ ಹೇಳುವವರಿದ್ದಾರೆ. ನಾನು ಅದನ್ನು ಹೀಗೆ ಓದುತ್ತೇನೆ: ಅಂತಸ್ತಿನ ಕೂದಲಿನ ವೇಷ ಹಾಕಲು ಹೋದಾಗ ಆದ ಅನಾಹುತ ಅದು.

ಆದರೂ ಶುಚಿಯ ಪ್ರಶ್ನೆಯನ್ನು ಹಾರಿಸುವಂತಿಲ್ಲ. ಆಲೂರಿನಲ್ಲಿ ನಾನು ಕಟಿಂಗ್‌ಗೆ ಹೋಗುವ ಸೆಲೂನಿನವರು ಬ್ರಷ್ಷನ್ನು ಎಂದೋ ಮೇಲಿನ ಗೂಡಿಗೆ ಸೇರಿಸಿದ್ದಾರೆ. ಯಾಕೆಂದು ಕೇಳಿದೆ. "ಗಿರಾಕಿಗಳೇ ಕೇಳ್ತಾರಲ್ಲ ಗೌಡ್ರೆ, ಫೋಮ್ ಇಲ್ವಾ ಅಂತ. ಬ್ರಷ್ ಕಂಡ್ರೆ ಎದ್ದು ಹೋಗ್ತಾರೆ" ಅಂದರು. ತೊಂಬತ್ತರ ದಶಕದಲ್ಲಿ ಏಡ್ಸ್ ಭಯ ಹಬ್ಬಿದಾಗ ಶುರುವಾದ ನಡುಕ ಇದು. ಆ ಭಯ ಬ್ಲೇಡನ್ನು ಬದಲಾಯಿಸುವಂತೆ ಮಾಡಿತು, ಒಳ್ಳೆಯದಾಯಿತು. ರಕ್ತ ಮುಟ್ಟುವುದು ಬ್ಲೇಡು, ಹೆಪಟೈಟಿಸ್ ಆದರೂ ಅದರಿಂದಲೇ. ಒಬ್ಬರ ಮುಖದ ಬ್ರಷ್ಷನ್ನು ತೊಳೆಯದೆ ಇನ್ನೊಬ್ಬರ ಮುಖಕ್ಕೆ ಹಚ್ಚಿದರೆ ಗಡ್ಡದ ಹುಳುಕಡ್ಡಿ ದಾಟಬಹುದು, ಅದೂ ನಿಜ. ಹಾಗಾಗಿ ಅಂಗಡಿಯಲ್ಲಿ ಅವರು ಫೋಮ್ ಹಚ್ಚಿದರೆ ನನ್ನ ತಕರಾರಿಲ್ಲ. ಹತ್ತು ಮುಖಕ್ಕೆ ಒಂದು ಬ್ರಷ್ ಬೇಡ ಅನ್ನುವ ಮಾತನ್ನು ಒಂದು ಮುಖಕ್ಕೆ ಒಂದು ಬ್ರಷ್ ಇರುವ ಮನೆಗೆ ಹೊತ್ತು ತಂದದ್ದಕ್ಕೆ ತಕರಾರು. ನಿಮ್ಮ ಬ್ರಷ್ಷಿನಿಂದ ನಿಮಗೆ ನಿಮ್ಮದೇ ರೋಗ ಹತ್ತೀತೇ?

ಇನ್ನು ಹಂದಿ ಅನ್ನುವ ಹೆಸರಿಗೇ ಅಳುಕುವವರು. ಇಲ್ಲಿ ಎರಡು ಥರದವರಿದ್ದಾರೆ, ಇಬ್ಬರಿಗೂ ಒಂದೇ ಉತ್ತರ ಕೊಡುವುದು ಅನ್ಯಾಯ. ಧರ್ಮದಿಂದಲೋ ವ್ರತದಿಂದಲೋ ಹಂದಿಯನ್ನು ದೂರ ಇಟ್ಟವರಿಗೆ ನೈಲಾನ್ ಬ್ರಷ್ ಇದೆ, ಈಚೆಗೆ ಬರುವ ಕೃತಕ ಎಳೆಯವು ಚೆನ್ನಾಗಿಯೂ ಇವೆ. ಅವರಿಗೆ ಮೋಸ ಮಾಡುತ್ತಿರುವುದು ಬ್ರಷ್ ಮಾರುವವರು. ಡಬ್ಬಿಯ ಮೇಲೆ 'ಪ್ಯೂರ್ ಬ್ರಿಸಲ್' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ವ್ಯಾಪಾರದಲ್ಲಿ ಬ್ರಿಸಲ್ ಅಂದರೆ ಹಂದಿಯ ಕೂದಲು ಎನ್ನುವುದು ಕೊಳ್ಳುವ ಎಷ್ಟು ಜನಕ್ಕೆ ಗೊತ್ತು? ಕನ್ನಡದಲ್ಲಿ ದಪ್ಪಕ್ಷರದಲ್ಲಿ 'ಹಂದಿಕೂದಲು' ಎಂದು ಅಚ್ಚು ಹಾಕಲಿ. ಬೇಡದವರು ಬಿಡುತ್ತಾರೆ, ಬೇಕಾದವರು ಕೊಳ್ಳುತ್ತಾರೆ. ಎರಡನೆಯವರು ನನ್ನ ಅಕ್ಕನ ಮಗನ ಬಳಗ: ಸಾರಿಗೆ ಹಂದಿ, ಮುಖಕ್ಕೆ ಮಡಿ. ಇವರಿಗೆ ಒಂದೇ ಮಾತು ನೆನಪಿಸುತ್ತೇನೆ. 1938ರಲ್ಲಿ ಡ್ಯೂಪಾಂಟ್ ಕಂಪನಿಯ ನೈಲಾನ್ ಎಳೆ ಬರುವ ತನಕ ಹಲ್ಲುಜ್ಜುವ ಬ್ರಷ್ಷಿಗೂ ಹಾಕುತ್ತಿದ್ದದ್ದು ಹಂದಿಕೂದಲನ್ನೇ. ಟೂತ್‌ಬ್ರಷ್ ಹಿಡಿದ ಮೊದಲ ತಲೆಮಾರಿನ ದೊಡ್ಡ ಮನುಷ್ಯರೆಲ್ಲ ಬಾಯಿಗೆ ಹಾಕಿಕೊಂಡದ್ದು ಏನು ಎಂದು ಲೆಕ್ಕ ಹಾಕಿಕೊಳ್ಳಲಿ.

ಇನ್ನೊಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಬೋರ್ ಬ್ರಷ್' ಅನ್ನುತ್ತಾರೆ. ಅದನ್ನು ಕೇಳಿದ ನಮ್ಮ ಪಕ್ಕದ ತೋಟದವರು, ರಾತ್ರಿ ಗದ್ದೆ ಉತ್ತು ಹೋಗುವ ಕಾಡುಹಂದಿಯ ಕೂದಲೇ ಇದು ಎಂದು ತಿಳಿದಿದ್ದರು. "ಹಂಗಾದ್ರೆ ನಮ್ ಹಂದಿಗಳಿಂದ ಒಂದಿಷ್ಟು ದುಡ್ಡಾದ್ರೂ ಹುಟ್ಲಿ" ಎಂದು ಅವರ ಆಸೆ. ಕಾಡುಹಂದಿಯನ್ನು ಮುಟ್ಟಿದರೆ 1972ರ ವನ್ಯಜೀವಿ ಕಾಯ್ದೆ ಇದೆ. ಬ್ರಷ್ಷಿಗೆ ಬರುವುದು ಸಾಕುಹಂದಿಯ ಕೂದಲು, ಬಹುಪಾಲು ಚೀನಾದ್ದು. ನಮ್ಮ ದೇಶದಲ್ಲಿ ಕಾನ್ಪುರ ಒಂದು ಕಾಲಕ್ಕೆ ಈ ಕೂದಲಿನ ವ್ಯಾಪಾರಕ್ಕೆ ಹೆಸರಾಗಿತ್ತು. ಉತ್ತರ ಪ್ರದೇಶದ ಶೇರ್‌ಕೋಟ್ ಇವತ್ತಿಗೂ ಬ್ರಷ್ ಕಟ್ಟುವವರ ಊರು.

ಹಳೆಯದೆಲ್ಲ ಚಿನ್ನ ಎಂದು ನಾನು ವಾದಿಸುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಬ್ರಷ್ ನಮ್ಮ ಪರಂಪರೆಯೇನಲ್ಲ. ಹಿಂದೆ ನಮ್ಮ ಊರುಗಳಲ್ಲಿ ಕ್ಷೌರಿಕರು ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳಿನಲ್ಲಿ ಗಡ್ಡ ತಿಕ್ಕಿ ತಿಕ್ಕಿ ನೆನೆಸಿ ಹೆರೆಯುತ್ತಿದ್ದರು. ಸೋಪೂ ಇಲ್ಲ, ಬ್ರಷ್ಷೂ ಇಲ್ಲ. ಬ್ರಷ್ ಬಂದದ್ದು ಬಿಳಿ ದೊರೆಗಳ ಹಿಂದೆ. 1850ರ ದಶಕದಲ್ಲಿ ನಮ್ಮ ಮಂಜರಾಬಾದ್ ಸೀಮೆಗೆ ತೋಟ ಮಾಡಲು ಬಂದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಚಿನ್ನ, ಶಿಕಾರಿ, ಕಾಫಿ ಬೇಸಾಯದ ಮೇಲೆ 1894ರಲ್ಲಿ ದಪ್ಪ ಪುಸ್ತಕವನ್ನೇ ತಂದ. ಅದರಲ್ಲಿ ಗಡ್ಡಕ್ಕೊಂದು ಅಧ್ಯಾಯ ಇದ್ದಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಕಾಫಿಯೂ ಹೊರಗಿನಿಂದ ಬಂದದ್ದೇ. ಇಲ್ಲಿನ ಮಳೆಗೆ, ನೆರಳಿಗೆ ಒಗ್ಗಿತು, ಉಳಿಯಿತು. ಬ್ರಷ್ಷೂ ಇಲ್ಲಿನ ಮೆದುನೀರಿಗೆ, ಹಂಡೆಯ ಬಿಸಿಗೆ ಒಗ್ಗಿತ್ತು.

ಒಗ್ಗದ ಒಂದು ಕಾಲವೂ ಇದೆ, ಅದನ್ನು ಮುಚ್ಚಿಟ್ಟರೆ ನಾನೂ ಫ್ಯಾನ್ಸಿ ಸ್ಟೋರಿನವನಾಗುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಡ್ಡಿ ಒಣಗುವುದಿಲ್ಲ, ಬ್ರಷ್ ಹೇಗೆ ಒಣಗೀತು? ನೀರು ಕುಡಿಯುವ ಗುಣ ಮಳೆಗಾಲದಲ್ಲಿ ತಿರುಗಿ ಕಚ್ಚುತ್ತದೆ. ಹೋದ ಮಳೆಗಾಲದಲ್ಲಿ ಆರು ವರ್ಷ ಪಳಗಿದ, ನನ್ನ ಗಲ್ಲದ ಒಂದೊಂದು ಸುಳಿಯನ್ನೂ ಬಲ್ಲ ಬ್ರಷ್ಷನ್ನು ಕನ್ನಡಿಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನಾಲ್ಕು ದಿನ ಊರಿಗೆ ಹೋದೆ. ಬಂದು ನೋಡಿದರೆ ಬುಡದಲ್ಲಿ ಹಸಿರು ಬೂಸ್ಟು. ವಿನೆಗರಿನಲ್ಲಿ ತೊಳೆದೆ, ಬಿಸಿಲಿಲ್ಲದ ಅಂಗಳದಲ್ಲಿ ಬಿಸಿಲಿಗೆ ಕಾದೆ. ಮುಷ್ಟಿ ಮುಷ್ಟಿ ಕೂದಲು ಕಿತ್ತು ಬಂತು. ತಪ್ಪು ಬ್ರಷ್ಷಿನದಲ್ಲ, ಮಳೆಯದೂ ಅಲ್ಲ. ಅಂಥ ದಿನಗಳಲ್ಲಿ ಅದನ್ನು ಚೆನ್ನಾಗಿ ಕೊಡವಿ, ಟವೆಲ್ಲಿಗೆ ಒರೆಸಿ, ತಲೆಕೆಳಗಾಗಿ ಬಚ್ಚಲೊಲೆಯ ಬಿಸಿ ತಾಗುವ ದೂರದಲ್ಲಿ ನೇತುಹಾಕಬೇಕಿತ್ತು. ತೀರಾ ಒಲೆಯ ಮೇಲೂ ಬೇಡ, ಹೊಗೆಗೆ ಕೂದಲು ಕಪ್ಪಾಗಿ ಪುಡಿಯಾಗುತ್ತದೆ. ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಇನ್ನೂ ಒಳ್ಳೆಯದು. ಅಷ್ಟು ತಾಳ್ಮೆ ಇಲ್ಲದವರು ಆ ನಾಲ್ಕು ತಿಂಗಳು ನೈಲಾನಿಗೆ ಹೋಗಲಿ, ನಾನು ಜಗಳ ಆಡುವುದಿಲ್ಲ.

ಈಗ ಬಚ್ಚಲಿನ ಮೊಳೆಗೆ ತಲೆಕೆಳಗಾಗಿ ನೇತಾಡುತ್ತಿರುವುದು ಹೊಸದು, 120 ರೂಪಾಯಿಯದು. ಇವತ್ತಿಗೆ ಹದಿನೇಳು ದಿನ. ನಾತ ಹೋಗಿದೆ. ಕೂದಲು ದಿನಕ್ಕೊಂದು ಉದುರುತ್ತಿದೆ. ಭೂತಗನ್ನಡಿಯಲ್ಲಿ ಹೊರಸುತ್ತಿನ ಕೆಲವು ತುದಿ ಸೀಳಿರುವುದು ಕಾಣುತ್ತದೆ, ನಡುವಿನವು ಇನ್ನೂ ಮುಳ್ಳೇ. ಬೆಳಿಗ್ಗೆ ಎರಡನೇ ಸುತ್ತಿಗೆ ನೊರೆ ಸಾಲಲಿಲ್ಲ, ಮತ್ತೆ ಸೋಪಿಗೆ ಹೋಗಬೇಕಾಯಿತು.